‘ಕಿತ್ತೂರು ಕರ್ನಾಟಕ’ ಎಂಬ ಹೆಸರಿನ ಹಿಂದೆ ಯಾವುದಾದರೂ ಕಾನೂನು ಇದೆಯೆ?

ಭೀಮಾತೀರ (ಆಲಮೇಲ, ವಿಜಯಪುರ ಜಿಲ್ಲೆ) ಕೇಳಿದ ಪ್ರಶ್ನೆ:

ನಮ್ಮ ಊರಿನಿಂದ ಭೀಮಾ ನದಿ ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕು. ಎರಡೂ ದಂಡೆಗಳಲ್ಲಿ ಅದೇ ಎರೆಭೂಮಿ, ಅದೇ ತೊಗರಿ, ಅದೇ ಕಬ್ಬು. ಬೀಗತನವೂ ತಲೆಮಾರುಗಳಿಂದ ನಡೆದುಬಂದಿದೆ. ನನ್ನ ಮಗಳು ಮತ್ತು ಆಚೆ ದಂಡೆಗೆ ಕೊಟ್ಟಿರುವ ನನ್ನ ಅಕ್ಕನ ಮಗ ಇಬ್ಬರೂ ಈ ವರ್ಷ ಸಿಇಟಿ ಬರೆಯುತ್ತಿದ್ದಾರೆ. ಅವನ ಕೈಯಲ್ಲಿ ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣ ಪತ್ರವಿದೆ, ಇವಳಿಗೆ ಅದು ಸಿಗುವುದಿಲ್ಲ. ಅವನಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ 2019ರಲ್ಲಿ ಹೈದರಾಬಾದ್ ಕರ್ನಾಟಕವು ‘ಕಲ್ಯಾಣ ಕರ್ನಾಟಕ’ವಾಯಿತು, 2021ರ ನವೆಂಬರಿನಲ್ಲಿ ಸಚಿವ ಸಂಪುಟದ ತೀರ್ಮಾನದಂತೆ ಮುಂಬೈ ಕರ್ನಾಟಕವು ‘ಕಿತ್ತೂರು ಕರ್ನಾಟಕ’ವಾಯಿತು. ಎರಡಕ್ಕೂ ಹೊಸ ಹೆಸರು ಬಂದ ಮೇಲೆ ಸೌಲಭ್ಯದಲ್ಲಿ ಇಷ್ಟು ಅಂತರ ಏಕೆ ಉಳಿದಿದೆ? ಅಲ್ಲಿಯ ಸಾರಿಗೆ ನಿಗಮದ ಹೆಸರು ‘ಈಶಾನ್ಯ’ದಿಂದ ‘ಕಲ್ಯಾಣ ಕರ್ನಾಟಕ’ಕ್ಕೆ ಬದಲಾಯಿತು, ನಮ್ಮ ಬಸ್ಸುಗಳ ಮೇಲೆ ಈಗಲೂ ‘ವಾಯವ್ಯ’ ಎಂದೇ ಬರೆದಿರುತ್ತದೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ನವನಗರ ನಿವಾಸಿ (ಬಾಗಲಕೋಟೆ) ಬರೆದ ಉತ್ತರ:

ಭೀಮಾತೀರ ಅವರೇ, ಹೆಸರುಗಳನ್ನು ಪಕ್ಕಕ್ಕಿಟ್ಟು ಇಸವಿಗಳನ್ನು ಮಾತ್ರ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಹೈದರಾಬಾದ್ ಕರ್ನಾಟಕ ಭಾಗದ ಅಭಿವೃದ್ಧಿ ಮಂಡಳಿಯ ಕಾಯ್ದೆ 1991ರದು. ಸಂವಿಧಾನದ 98ನೇ ತಿದ್ದುಪಡಿಯನ್ನು ಸಂಸತ್ತು 2012ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಅದರ ಮೂಲಕ ಸೇರಿದ 371(ಜೆ) ವಿಧಿಯು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡುವ ಏರ್ಪಾಡು, ಅಭಿವೃದ್ಧಿ ವೆಚ್ಚದಲ್ಲಿ ನ್ಯಾಯೋಚಿತ ಪಾಲು, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಇವುಗಳಿಗೆ ಅವಕಾಶ ಕಲ್ಪಿಸಿತು. ಅದರ ಅಡಿಯಲ್ಲಿ ಹೊರಟ ಆದೇಶಗಳ ಪ್ರಕಾರ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಭಾಗದಲ್ಲೂ ಶೇ 8ರಷ್ಟು ಅವರಿಗೆ ದೊರೆಯುತ್ತವೆ. ಇಷ್ಟೆಲ್ಲ ಆದ ಮೇಲೆ, 2019ರಲ್ಲಿ, ‘ಕಲ್ಯಾಣ’ ಎಂಬ ಹೆಸರು ಬಂದಿತು. ವಿಶೇಷವೆಂದರೆ ಸಂವಿಧಾನದ ವಿಧಿಯಲ್ಲಿ ‘ಹೈದರಾಬಾದ್–ಕರ್ನಾಟಕ ಪ್ರದೇಶ’ ಎಂಬ ಹಳೆಯ ಹೆಸರೇ ಉಳಿದಿದೆ. ಅದರಿಂದ ಯಾರ ಸೀಟೂ ತಪ್ಪಿಲ್ಲ, ಯಾವ ಅನುದಾನವೂ ನಿಂತಿಲ್ಲ.

ನಮ್ಮ ಏಳು ಜಿಲ್ಲೆಗಳ ಕಥೆ ಬೇರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡಗಳಿಗೆ ಬಂದದ್ದು ಹೆಸರು ಮಾತ್ರ. 2025–26ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಕಿತ್ತೂರು ಕರ್ನಾಟಕಕ್ಕೆ ಸಂವಿಧಾನದ ಬಲವಿರುವ ಅಂಥ ವ್ಯವಸ್ಥೆಯೇ ಇಲ್ಲ. ಹಾಗಿರುವಾಗ ಬಸ್ಸಿನ ಮೇಲಿನ ಅಕ್ಷರ ಬದಲಾದರೂ ಆಗದಿದ್ದರೂ ನಿಮ್ಮ ಮಗಳ ಅರ್ಜಿಯಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಗಡಿನಾಡ ಓದುಗ (ಬೆಳಗಾವಿ) ಬರೆದ ಉತ್ತರ:

ಮೇಲಿನವರು ಹೇಳಿದ ಲೆಕ್ಕ ಸರಿ, ಆದರೆ ಹೆಸರನ್ನು ಅಷ್ಟು ಹಗುರವಾಗಿ ತಳ್ಳಿಹಾಕುವುದನ್ನು ಬೆಳಗಾವಿಯಲ್ಲಿ ಬದುಕುವವನಾಗಿ ನಾನು ಒಪ್ಪಲಾರೆ. ನಮ್ಮ ಜಿಲ್ಲೆಯ ಮೇಲೆ ಮಹಾರಾಷ್ಟ್ರವು 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದೆ. ಹೀಗಿರುವಾಗ ಸರ್ಕಾರಿ ಕಾಗದಗಳೇ ನಮ್ಮನ್ನು ‘ಮುಂಬೈ’ ಎಂಬ ಪದದೊಡನೆ ಗುರುತಿಸುವುದು ಎಷ್ಟು ಸರಿ? 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ರಾಣಿ ಚೆನ್ನಮ್ಮನ ಸಂಸ್ಥಾನದ ಹೆಸರು ಇಲ್ಲಿಯವರಿಗೆ ಸಹಜವಾಗಿಯೇ ಹಿಡಿಸಿತು.

ನನ್ನ ಅಸಮಾಧಾನ ಬೇರೆಯದು. ಸುವರ್ಣ ವಿಧಾನಸೌಧ 2012ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನದ ದಿನಗಳಲ್ಲಿ ಹೆದ್ದಾರಿಯುದ್ದಕ್ಕೂ ಪೊಲೀಸರು, ಸಚಿವರ ವಾಹನಗಳು, ಪ್ರತಿಭಟನೆಯ ಶಾಮಿಯಾನಗಳು. ಅಧಿವೇಶನ ಮುಗಿದ ವಾರದಲ್ಲೇ ಆ ಗದ್ದಲವೆಲ್ಲ ಕರಗಿಬಿಡುತ್ತದೆ. ತೀರ್ಮಾನ ಕೈಗೊಳ್ಳುವ ಅಧಿಕಾರವಿರುವ ಇಲಾಖಾ ಕಚೇರಿಗಳು ಇಲ್ಲಿಗೆ ಬರಬೇಕೆಂಬ ಬೇಡಿಕೆ ಅಂದಿನಿಂದಲೂ ಇದೆ. ಪ್ರದೇಶಗಳ ಹೆಸರು ಬದಲಿಸುವುದರಲ್ಲಿ ತೋರುವ ಚುರುಕನ್ನು ಇಲಾಖೆಗಳ ಜಾಗ ಬದಲಿಸುವುದರಲ್ಲಿ ಯಾವ ಪಕ್ಷದ ಸರ್ಕಾರವೂ ತೋರಿಸಿಲ್ಲ.

ಭೀಮಾತೀರ:

ಇಬ್ಬರಿಗೂ ಧನ್ಯವಾದಗಳು. ಚೆನ್ನಮ್ಮನ ಬಗ್ಗೆ ನಮಗೂ ಅಷ್ಟೇ ಗೌರವವಿದೆ, ಆದರೂ ವಿಜಯಪುರದವರಿಗೆ ಕಿತ್ತೂರು ಸ್ವಲ್ಪ ದೂರದ ಊರೇ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲಿದೆ. ಅವರ ಕಲ್ಯಾಣದ ಹೆಸರು ಹೊತ್ತ ಪ್ರದೇಶದಲ್ಲಿ ಮಾತ್ರ ನಾವಿಲ್ಲ! ಅದಿರಲಿ. ನಿಜಾಮನ ಆಳ್ವಿಕೆಯಲ್ಲಿದ್ದವರಿಗೆ ಮಾತ್ರ 371(ಜೆ) ಎಂದು ಇಲ್ಲಿ ಕೆಲವರು ವಾದಿಸುತ್ತಾರೆ. ಹಾಗಾದರೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಹೇಗೆ ಸೇರಿತು? ಬಳ್ಳಾರಿಗೆ ಸಾಧ್ಯವಾದದ್ದು ಸಿಂದಗಿ, ಇಂಡಿಗಳಿಗೆ ಏಕೆ ಅಸಾಧ್ಯ?

ನವನಗರ ನಿವಾಸಿ:

ಒಳ್ಳೆಯ ಪ್ರಶ್ನೆ. ಆದರೆ ಆ ದಾರಿ ಹಿಡಿದರೆ ಮತ್ತೊಮ್ಮೆ ಸಂವಿಧಾನ ತಿದ್ದುಪಡಿಯೇ ಆಗಬೇಕು, ಅದು ದೆಹಲಿಯ ಕೆಲಸ. ನನಗೆ ಹತ್ತಿರದ ದಾರಿಯಾಗಿ ಕಾಣುವುದು ತಾಲ್ಲೂಕನ್ನು ಘಟಕವಾಗಿಟ್ಟುಕೊಂಡು ಹಿಂದುಳಿದಿರುವಿಕೆಯನ್ನು ಅಳೆಯುವ ಕ್ರಮ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆಂದು ರಚನೆಯಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅದನ್ನೇ ಮಾಡಿತ್ತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಈ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದರೆ 13 ದಕ್ಷಿಣದಲ್ಲಿದ್ದವು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನೂ ಸೂಚಿಸಿತ್ತು, ಅದು 2007–08ರಿಂದ ಜಾರಿಗೆ ಬಂದಿತು. ಪ್ರದೇಶದ ಹೆಸರು ಯಾವುದೇ ಇರಲಿ, ಈ ಅಳತೆಯಲ್ಲಿ ಹಿಂದುಳಿದ ತಾಲ್ಲೂಕು ತನ್ನ ಪಾಲನ್ನು ಕೇಳಬಹುದಿತ್ತು.

ತೊಡಕು ಎಲ್ಲಿದೆಯೆಂದರೆ ಆ ಅಳತೆಗೆ ಈಗ ಎರಡು ದಶಕಗಳು ಕಳೆದಿವೆ. ನಿಮ್ಮ ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಮ್ಮ ಕಡೆಯ ಇಳಕಲ್, ಗುಳೇದಗುಡ್ಡ ಇವೆಲ್ಲ ಆಮೇಲೆ ರಚನೆಯಾದ ತಾಲ್ಲೂಕುಗಳು. ಆಲಮೇಲದ ಶಾಲೆ, ಆಸ್ಪತ್ರೆ, ರಸ್ತೆಗಳ ಸ್ಥಿತಿ ಆ ವರದಿಯಲ್ಲಿ ಸಿಂದಗಿಯ ಸರಾಸರಿಯೊಳಗೆ ಮುಳುಗಿದೆ. ಅಸಮತೋಲನವನ್ನು ಹೊಸದಾಗಿ ಅಧ್ಯಯನ ಮಾಡಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾದದ್ದು ಇದೇ ಹಿನ್ನೆಲೆಯಲ್ಲಿ. ನಮ್ಮ ಶಾಸಕರನ್ನು ಕೇಳಬೇಕಾದದ್ದು, ಹೊಸ ಅಳತೆಯಲ್ಲಿ ಹೊಸ ತಾಲ್ಲೂಕುಗಳ ಲೆಕ್ಕ ಪ್ರತ್ಯೇಕವಾಗಿ ಸಿಗುತ್ತದೆಯೇ, ಅದಕ್ಕೆ ಅನುಗುಣವಾಗಿ ಬಜೆಟ್ಟಿನಲ್ಲಿ ಹಣ ಕಾಯ್ದಿರಿಸಲು ಕಾನೂನು ಬರುತ್ತದೆಯೇ ಎಂದು.

ಮಗಳ ವಿಷಯಕ್ಕೆ ಬಂದರೆ, ಅವಳು 1ರಿಂದ 10ನೇ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ್ದರೆ ಸಿಇಟಿಯಲ್ಲಿ ಗ್ರಾಮೀಣ ವ್ಯಾಸಂಗಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲಾತಿ ಇರುವುದನ್ನು ಮರೆಯಬೇಡಿ. ಮುಖ್ಯೋಪಾಧ್ಯಾಯರು ಕೊಡುವ ವ್ಯಾಸಂಗ ಪ್ರಮಾಣ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುರುಜು ಬೇಕಾಗುತ್ತದೆ. ಬೇರೆ ಬೇರೆ ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಪಡೆಯಬೇಕು. ಕೊನೆಯ ವಾರದ ನೂಕುನುಗ್ಗಲಿಗೆ ಕಾಯದೆ ಈಗಲೇ ಮಾಡಿಸಿಡಿ.