ಮೂರನೇತ್ತಾ ಹುಡುಗ ಓದವಲ್ಲ, ಹೆಡ್ ಮಾಸ್ತರ ಟಿಸಿ ಒಯ್ರಿ ಅಂತಾರ, ಏನ್ ಮಾಡೂದ್ರಿ?

ಕುಂದಗೋಳದಾಕಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಹುಡುಗಗ ಎಂಟ ವರ್ಷ ತುಂಬಿ ಒಂಬತ್ತರಾಗ ಅದಾನ, ಊರಾಗಿನ ಸರ್ಕಾರಿ ಕನ್ನಡ ಸಾಲ್ಯಾಗ ಮೂರನೇತ್ತಾ. ಮಾತಿಗೇನೂ ಕಡಿಮಿ ಇಲ್ಲ. ನಮ್ದು ಕಿರಾಣಿ ಅಂಗಡಿ, ಅವರಪ್ಪ ಊಟಕ್ಕ ಬಂದಾಗ ಇವನ ಗಲ್ಲೆದ ಹಂತ್ಯಾಕ ಕುಂತು ಐವತ್ತರ ನೋಟಿಗೆ ಚಿಲ್ರೆ ಬರೋಬ್ಬರಿ ತಿರುಗಿ ಕೊಡ್ತಾನ, ಒಂದ್ ರೂಪಾಯಿ ಹೆಚ್ಚುಕಡಿಮಿ ಆಗಂಗಿಲ್ಲ. ಆದ್ರ ಓದು ಅಂದ್ರ ಮುಗೀತು. ಕಮಲ ಅಂತ ಇದ್ರ ಕಲಮ ಅಂತಾನ, ಅಕ್ಕ ಬರಿ ಅಂದ್ರ ಅಕ ಬರೀತಾನ, ಬೋರ್ಡ್ ಮ್ಯಾಲಿಂದು ಬರ್ಕೋ ಅಂದ್ರ ಅರ್ಧಕ್ಕ ಬಿಡ್ತಾನ. ಬಸ್ಸಿನ ಬೋರ್ಡ್ ಓದು ಅಂದ್ರ ಕಂಡಕ್ಟರ್ ಮಾರಿ ನೋಡಿ ಯಾವೂರ ಬಸ್ ಅಂತ ಹೇಳ್ತಾನ, ಅದೂ ಕರೆಕ್ಟ್ ಇರ್ತೈತಿ ಮತ್ತ!

ಹೋದ ವಾರ ಹೆಡ್ ಮಾಸ್ತರ ಕರಸಿ, ಇವಂದು ನಮ್ಮ ಕಡೆ ಆಗಂಗಿಲ್ಲ, ಧಾರವಾಡ ಕಡೆ ಯಾವದರ ಸ್ಪೆಷಲ್ ಸಾಲಿಗೆ ಹಾಕ್ರಿ, ಟಿಸಿ ಬರದು ಕೊಡ್ತೀನಿ ಅಂದ್ರು. ನಮ್ಮ ಅತ್ತಿ ಸಿದ್ಧಾರೂಢರ ಮಠಕ್ಕ ಹರಕಿ ಹೊತ್ತಾರ, ಅದು ಇರ್ಲಿ. ನನಗ ತಿಳೀದಿದ್ದು ಏನಂದ್ರ ಇಂಥಾ ಮಕ್ಕಳಿಗೆ ಅದ ಸಾಲ್ಯಾಗ ಏನರ ಸವಲತ್ತು ಐತೇನು? ಟಿಸಿ ತೊಗೋಬೇಕೋ ಬ್ಯಾಡೋ?

ಗದಗ ಪ್ಯಾಟಿ:
ಅಕ್ಕಾರ, ಟಿಸಿ ಮಾತ್ರ ತೊಗೋಬ್ಯಾಡ್ರಿ. ಅದಕ್ಕಿಂತ ಮೊದಲ ಕಿವಿ ಕಣ್ಣು ತೋರಸ್ರಿ. ನನ್ನ ಮಗಳಿಗೆ ಎರಡನೇತ್ತಾದಾಗ ಮಂದ ಅದಾಳ ಅಂತ ಹಣೇಪಟ್ಟಿ ಹಚ್ಚಿ ಕಡೀ ಸಾಲಿನ್ಯಾಗ ಕೂಡ್ರಸಿದ್ರು, ಜಿಲ್ಲಾ ಆಸ್ಪತ್ರ್ಯಾಗ ನೋಡಿದ್ರ ಎಡಗಿವ್ಯಾಗ ನೀರು ತುಂಬೇತಿ, ವರ್ಷಕ್ಕ ನಾಕ ಸಲ ನೆಗಡಿ ಬಂದು ಬಂದು. ಔಷಧ ಮುಗದ ಮ್ಯಾಲ ಮುಂದಿನ ಬೆಂಚಿಗೆ ಬಂದ್ಲು, ಈಗ ಆರನೇತ್ತಾ. ನಿಮ್ಮದೂ ಹಿಂಗ ಐತಿ ಅಂತ ಹೇಳ್ತಿಲ್ಲ, ಆದ್ರ ಇದನ್ನ ನೋಡದ ಮುಂದಿಂದು ಯಾವುದೂ ಮಾಡಬ್ಯಾಡ್ರಿ.

ಹಾವೇರಿ ಬಿಐಇಆರ್‌ಟಿ:
ನಾನು ಇದ ಕೆಲಸದಾಗ ಇರಾಂವ, ಬಿಐಇಆರ್‌ಟಿ, ಅಂದ್ರ ಸರ್ಕಾರದ ಸಮಗ್ರ ಶಿಕ್ಷಾ ಯೋಜನೆದಾಗ ವಿಶೇಷ ಅಗತ್ಯದ ಮಕ್ಕಳ ಸಲುವಾಗಿ ಇರೂ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕ, ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಆಫೀಸಿನ್ಯಾಗ ಕೂಡ್ತೀವಿ, ಕೂಡ್ತೀವಿ ಅನ್ನೂದಕ್ಕಿಂತ ಗಾಡಿ ಮ್ಯಾಲ ತಿರಗ್ತೀವಿ ಅನ್ರಿ.

ಟಿಸಿ ವಿಷಯಕ್ಕ: 2009ರ ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇತ್ತಾ ಮುಗಿಯೂತನಕ ಯಾವ ಸಾಲಿನೂ ಮಗೂನ್ನ ಹೊರಗ ಹಾಕಂಗಿಲ್ಲ. ನೀವಾಗೇ ಕೇಳಿ ಒಯ್ದ್ರ ಬ್ಯಾರೆ ಮಾತು, ಅದಕ್ಕ "ಒಯ್ರಿ" ಅಂತ ಬಾಯಾಗ ಹೇಳ್ತಾರ, ಬರದು ಕೊಡ್ರಿ ಅನ್ರಿ, ಕೊಡೂದಿಲ್ಲ. ಇನ್ನ ನೀವು ಹೇಳಿದ್ದು ಓದಿದ್ರ ನನಗ ಕಲಿಕಾ ನ್ಯೂನತೆ ಅಂತೀವಲ್ಲ, ಡಿಸ್ಲೆಕ್ಸಿಯಾ, ಬುದ್ಧಿ ಚೊಲೋ ಇದ್ರೂ ಓದೂದು ಬರಿಯೂದು ತ್ರಾಸ ಆಗೂದು, ಅದರ ಅನುಮಾನ ಬರ್ತೈತಿ, ಆದ್ರ ನೋಡದ ಹೇಳಾಕ ಬರಂಗಿಲ್ಲ. 1995ರ ಹಳೇ ಅಂಗವಿಕಲರ ಕಾಯ್ದೆದಾಗ 7 ನಮೂನಿ ಅಂಗವಿಕಲತೆ ಇದ್ವು, ಇದು ಇರಲಿಲ್ಲ. 2016ರ ಕಾಯ್ದೆದಾಗ 21 ಆದ್ವು, ಇದೂ ಸೇರ್ತು. ಹಿಂಗಾಗಿ ಭಾಳ ಮಂದಿ ಮಾಸ್ತರಿಗೆ ಇನ್ನೂ ಗೊತ್ತಿಲ್ಲ, ಅವರಿಗೆ ಅಂಗವಿಕಲ ಅಂದ್ರ ಕಣ್ಣಿಗೆ ಕಾಣಬೇಕು.

ಮಾಡೂದು ಇಷ್ಟ. ಹೆಡ್ ಮಾಸ್ತರಿಗೆ ಒಂದು ಅರ್ಜಿ ಕೊಡ್ರಿ, ಬಿಐಇಆರ್‌ಟಿ ಬಂದು ನೋಡ್ಲಿ ಅಂತ, ಒಂದು ಪ್ರತಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ, ಸ್ವೀಕೃತಿ ಸಹಿ ಬಿಡಬ್ಯಾಡ್ರಿ. ಯುಡೈಸ್ ಅಂತ ಸಾಲಿಗಳ ಸರ್ಕಾರಿ ದಾಖಲಾತಿ ಐತಿ, ಅದರಾಗ ವಿಶೇಷ ಅಗತ್ಯವುಳ್ಳ ಮಗು ಅಂತ ಹೆಸರು ಹತ್ತಿದ್ರ ವೈದ್ಯಕೀಯ ಕ್ಯಾಂಪಿಗೂ ಕರೀತಾರ. ಕ್ಯಾಂಪಿನ್ಯಾಗ ವ್ಹೀಲ್‌ಚೇರ್, ಕಿವಿ ಮಷಿನ್ ಇಂಥಾವ ಹೆಚ್ಚು, ಅಲಿಂಕೋ ಅಂತ ಇವುನ್ನ ತಯಾರ ಮಾಡೂ ಸರ್ಕಾರಿ ಕಂಪನಿಯವರು ಅಳತಿ ತೊಗೊಂಡು ಹೋಗ್ತಾರ, ನಿಮ್ಮ ಹುಡುಗಗ ಅಲ್ಲಿ ಕೈಗೆ ಏನೂ ಸಿಗಂಗಿಲ್ಲ, ಅದಕ್ಕ ಬ್ಯಾಸರ ಮಾಡ್ಕೊಬ್ಯಾಡ್ರಿ. ನಿಮಗ ಬೇಕಾದ್ದು ಟೆಸ್ಟ್. ಧಾರವಾಡದ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರ್ಯಾಗ ಕ್ಲಿನಿಕಲ್ ಸೈಕಾಲಜಿಯವರು ಅದಾರ, ಫೋನ್ ಮಾಡಿ ಕೇಳ್ಕೊಂಡು ಹೋಗ್ರಿ, ಒಂದ ದಿನದಾಗ ಮುಗಿಯೂದಲ್ಲ ಇದು. ಎಂಟು ವರ್ಷ ಆಗೂತನಕ ಕಲಿಕಾ ನ್ಯೂನತೆಗೆ ಅಂಗವಿಕಲತೆ ಸರ್ಟಿಫಿಕೇಟ್ ಕೊಡಂಗಿಲ್ಲ, ನಿಮ್ಮಾಂವಗ ಈಗ ಸರಿಯಾದ ವಯಸ್ಸು. ಮತ್ತ 14ಕ್ಕ ಒಮ್ಮೆ, 18ಕ್ಕ ಒಮ್ಮೆ ನೋಡ್ತಾರ.

ಒಂದು ಖರೇ ಮಾತು ಹೇಳ್ತೀನಿ, ನಾವು ವಾರಕ್ಕೊಮ್ಮೆ ಬಂದು ನಿಮ್ಮ ಹುಡುಗಗ ಕಲಸ್ತೀವಿ ಅಂತ ತಿಳ್ಕೊಬ್ಯಾಡ್ರಿ. ಇಡೀ ತಾಲೂಕಿನ ಸಾಲಿಗಳನ್ನ ನಾವು ಒಂದ ಕೈಯಾಗ ಎಣಸೂವಷ್ಟು ಮಂದಿ ಹಂಚ್ಕೊಂಡೇವಿ, ಅದರಾಗ ಹಾಸಿಗಿ ಬಿಟ್ಟು ಏಳಾಕ ಆಗದ ಮಕ್ಕಳ ಮನಿಗೆ ಹೋಗಿ ಕಲಸೂದು ಮೊದಲು. ಮೆಣಸಿನಕಾಯಿ ಸುಗ್ಗ್ಯಾಗ ಅಂತೂ ಅವ್ವ ಅಪ್ಪ ಇಬ್ಬರೂ ಕೆಲಸಕ್ಕ, ಮಗು ಅಜ್ಜಿ ಜೋಡಿ, ಹೋದ್ರ ಬಾಗಲಾ ತಗಿಯೂರ ಇರೂದಿಲ್ಲ. ನಮ್ಮ ಕೆಲಸ ಅಂದ್ರ ಮಾಸ್ತರಿಗೆ ಹೆಂಗ ಕಲಸಬೇಕು ಅಂತ ತೋರ್ಸೂದು. ದಿನಾ ಕಲಸೂದು ಅವರ.

ಹಳೇ ಹುಬ್ಬಳ್ಳಿ:
ಎಲ್ಲಾರೂ ಟಿಸಿ ಬ್ಯಾಡ ಅಂತೀರಿ, ನಾನು ಒಯ್ದಾಂವ. ನನ್ನ ಮಗಗ ಬುದ್ಧಿಮಾಂದ್ಯ, ಯುಡಿಐಡಿ, ಅಂದ್ರ ಅಂಗವಿಕಲರ ಗುರುತಿನ ಕಾರ್ಡ್ ಐತಿ. ಸಾದಾ ಸಾಲ್ಯಾಗ ಎರಡ ವರ್ಷ ಹಾಜರಿ ಹಾಕಿದ್ರು, ಬಿಸಿಯೂಟ ಉಂಡು ಬರ್ತಿದ್ದ, ಅಷ್ಟ ಅವನ ಶಿಕ್ಷಣ. ಪಾಟೀಚೀಲದಾಗಿನ ನೋಟ್‌ಬುಕ್ ವರ್ಷದ ಕೊನೀಗೂ ಹೊಸಾದ ಇತ್ರಿ. ಆಮ್ಯಾಲ ವಿಶೇಷ ಸಾಲಿಗೆ ಹಾಕಿದೆ, ಈಗ ತಾನ ಅಂಗಿ ಗುಂಡಿ ಹಾಕ್ಕೊಂತಾನ, ಸಂಡಾಸಕ್ಕ ಹೇಳಿ ಹೋಗ್ತಾನ, ಹತ್ತರ ನೋಟು ಇಪ್ಪತ್ತರ ನೋಟು ಗುರ್ತ ಹಿಡೀತಾನ. ಕಾಯ್ದೆದಾಗೂ 6ರಿಂದ 18 ವರ್ಷದ ತನಕ ಶೇಕಡಾ 40 ಇಲ್ಲಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದವರಿಗೆ ಹತ್ತರದ ಸಾಲಿ ಬೇಕೋ ವಿಶೇಷ ಸಾಲಿ ಬೇಕೋ ಆರಿಸ್ಕೊಳ್ಳೂ ಹಕ್ಕು ಕೊಟ್ಟಾರ, ಪುಗಸಟ್ಟೆ. ಸ್ಪೆಷಲ್ ಸಾಲಿ ಅಂದ ಕೂಡಲೇ ಶಿಕ್ಷೆ ಕೊಟ್ಟಂಗ ಮಾತಾಡಬ್ಯಾಡ್ರಿ.

ಆದ್ರ ತಂಗಿ, ಚಿಲ್ರೆ ಎಣಸಿ ಕೊಡೂ ಹುಡುಗನ್ನ ನಮ್ಮ ಸಾಲಿಗೆ ಕಳಸಿದ್ರ ಅವಂಗ ಅಲ್ಲಿ ಹೊತ್ತು ಹೋಗಂಗಿಲ್ಲ. ಇನ್ನೊಂದು, ಯಾರರ ನಿರಾಮಯ ಅನ್ನೂ ಆರೋಗ್ಯ ವಿಮೆ ಮಾಡಸ್ರಿ ಅಂದ್ರ ಓಡಿ ಹೋಗಬ್ಯಾಡ್ರಿ, ಅದು ಒಂದು ಲಕ್ಷದ್ದು ಖರೆ, ಆದ್ರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ ಇವಕ್ಕ ಅಷ್ಟ. ಓದೂ ತ್ರಾಸಿಗೆ ಬರಂಗಿಲ್ಲ.

ಕುಂದಗೋಳದಾಕಿ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಸರ, ಸರ್ಟಿಫಿಕೇಟ್ ಮಾಡಿಸಿದ್ರ ಜೀವನಪೂರ್ತಿ ಅಂಗವಿಕಲ ಅಂತ ಹೆಸರು ಉಳೀತೈತಿ, ನಾಳೆ ಕನ್ಯಾ ಕೊಡೂದಿಲ್ಲ ಅಂತ ನಮ್ಮ ಅತ್ತಿ ಒಂದ ಸವನ ಹಚ್ಚ್ಯಾರ.

ನಲಿಕಲಿ ಟೀಚರ್:
ಕನ್ಯಾಕ್ಕ ಇನ್ನೂ ಭಾಳ ಟೈಮ್ ಐತಿ ಬಿಡ್ರಿ 😄 ಟೆಸ್ಟ್ ಮಾಡಸೂದು ಬ್ಯಾರೆ, ಸರ್ಟಿಫಿಕೇಟ್ ತೊಗೊಳ್ಳೂದು ಬ್ಯಾರೆ. ಮೊದಲ ಟೆಸ್ಟ್ ಆಗ್ಲಿ. ಮುಂದ ದೊಡ್ಡ ಪರೀಕ್ಷೆಕ್ಕ ತಾಸಿಗೆ 20 ನಿಮಿಷ ಹೆಚ್ಚಿಗೆ ಟೈಮ್, ಬರಕೊಡಾಕ ಒಬ್ಬರು, ಇವು ಬೇಕಂದಾಗ ಆ ಕಾಗದ ಕೇಳ್ತಾರ.

ನನಗ ಚಿಂತಿ ಬ್ಯಾರೇನ ಐತಿ. ಮೂರನೇತ್ತಾತನಕ ನಮ್ಮಲ್ಲಿ ನಲಿಕಲಿ, ಕಾರ್ಡು, ಹಾಡು, ಗುಂಪು, ಓದಾಕ ಬರದ ಹುಡುಗೂರು ನೆನಪಿನ ಮ್ಯಾಲ ದಾಟಿಸಿ ಬಿಡ್ತಾವ. ಬಾಜೂದಾಂವ ಓದೂದು ಕೇಳಿ ಬಾಯಿಪಾಠ ಮಾಡಿ, ಕಾರ್ಡಿನ ಮ್ಯಾಲ ಬೆರಳಾಡಿಸ್ಕೋತ ಒಪ್ಪಿಸ್ತಾವ, ನಾನು ಮೋಸ ಹೋಗೇನಿ ಖರೇನ. ನಾಲ್ಕನೇತ್ತಾಕ್ಕ ಹೋದ್ರ ಒಮ್ಮೆಲೇ ದೊಡ್ಡ ದೊಡ್ಡ ಪಾಠ, ಆವಾಗ ಹುಡುಗ ಹೊಟ್ಟಿನೋವು ಅಂತ ಸಾಲಿ ತಪ್ಪಸಾಕ ಶುರು ಮಾಡ್ತಾನ. ಹಿಂಗಾಗಿ ಈ ವರ್ಷಾನ ಹಿಡೀರಿ. ನಾನು ಮಾಡೂದು ಹೇಳ್ತೀನಿ: ಪರಾತದಾಗ ಉಸುಕು ಹಾಕಿ ಅಕ್ಷರ ತಿದ್ದಿಸೂದು, ಬಾಯಿಲೆ ಹೇಳ್ಕೋತ. ಒತ್ತಕ್ಷರ ಬ್ಯಾರೆ ಬಣ್ಣದ ಚಾಕ್‌ಪೀಸಿನಾಗ. ಬಾಯಿಲೆ ಉತ್ತರ ಕೇಳಿ ಮಾರ್ಕ್ಸ್ ಹಾಕೂದು. ಎಲ್ಲಾರ ಮುಂದ ಎದ್ದು ನಿಂತು ಓದು ಅನ್ನೂದು ಪೂರಾ ಬಂದ್. ನಿಮ್ಮಲ್ಲಿ ಸಾಮಾನದ ಪಾಕೀಟ್ ಇರ್ತಾವಲ್ಲ, ಸಕ್ಕರಿ, ಬೆಲ್ಲ, ಅಕ್ಕಿ, ಅವುನ್ನ ಓದಸ್ರಿ, ಪುಸ್ತಕ ಕಂಡ್ರ ಓಡೂ ಹುಡುಗ ಅಂಗಡ್ಯಾಗ ಓಡೂದಿಲ್ಲ.

ಕುಂದಗೋಳದಾಕಿ:
ಸುದ್ದಿ ಹೇಳಾಕ ಬಂದೇನ್ರಿ. ಅರ್ಜಿ ಕೊಟ್ಟೆ. ಹೆಡ್ ಮಾಸ್ತರ ಮಾರಿ ಸಣ್ಣದು ಮಾಡ್ಕೊಂಡ ಸಹಿ ಹಾಕಿದ್ರು, ಟಿಸಿ ಮಾತು ಆಡಲಿಲ್ಲ. ಹುಬ್ಬಳ್ಳಿ ಕಿಮ್ಸ್ ಆಸ್ಪತ್ರ್ಯಾಗ ಕಿವಿ ಕಣ್ಣು ಎರಡೂ ಚೊಲೋ ಅದಾವ ಅಂದ್ರು. ನಮ್ಮ ಬ್ಲಾಕಿನ ಮೇಡಂ ಗುರುವಾರ ಸಾಲಿಗೆ ಬರ್ತಾರಂತ. ಡಿಮ್ಹಾನ್ಸ್‌ಕ ಮುಂದಿನ ತಿಂಗಳ ಬರ್ರಿ ಅಂದಾರ, ಅವತ್ತು ಅಂಗಡಿ ಬಂದ್ ಮಾಡಿ ಇಬ್ಬರೂ ಹೋಗ್ತೀವಿ, ಹುಬ್ಬಳ್ಳ್ಯಾಗ ಇಳದು ಚಿಗರಿ ಬಸ್ ಹತ್ತಬೇಕು. ಹೋಗೂವಾಗ ಏನೇನು ತೊಗೊಂಡು ಹೋಗಬೇಕ್ರಿ?

ಹಾವೇರಿ ಬಿಐಇಆರ್‌ಟಿ:
ಆಧಾರ್ ಕಾರ್ಡ್, ಕಿಮ್ಸ್ ಚೀಟಿ, ಮತ್ತ ಎರಡು ವರ್ಷದ ನೋಟ್‌ಬುಕ್. ಚಂದ ಮಾಡಿ ಬರಸಿದ್ದಲ್ಲ, ತಪ್ಪು ತಪ್ಪು ಬರದಿದ್ದ ಬೇಕು. ರದ್ದಿಗೆ ಹಾಕಿಲ್ಲ ಹೌದಲ್ರಿ?

ಕುಂದಗೋಳದಾಕಿ:
ಅಯ್ಯ ಸರ, ಒಂದನೇತ್ತಾದ್ದು ಹರದು ಅಂಗಡ್ಯಾಗ ಪುಡಿಕೆ ಕಟ್ಟೇವಿ. ಎರಡನೇತ್ತಾದ್ದು ಅದ, ಇವತ್ತ ತಗದು ಇಡ್ತೀನಿ.