ರೆಡ್‌ವುಡ್ ಕಾಡು, ಕಡಲತೀರ: ಮೂರು ದಿನ ಸಾಕಾ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಜೂನ್‌ನಲ್ಲಿ ಅಪ್ಪ, ಅಮ್ಮ, 7 ವರ್ಷದ ಮಗಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇವೆ. ಅಲ್ಲಿಂದ ಉತ್ತರದ ರೆಡ್‌ವುಡ್ ಅನ್ನೋ ಭಾರೀ ಎತ್ತರದ ಮರಗಳನ್ನು ನೋಡಬೇಕು. ಅಪ್ಪನಿಗೆ ಮಂಡಿನೋವು. ಮೂರು ದಿನ ಸಾಕಾ?

ಉತ್ತರ (ಮಂಡ್ಯ):
ಸಾಲದು ಸಾರ್. 101 ಹೆದ್ದಾರಿಯಲ್ಲಿ ರೆಡ್‌ವುಡ್ ಕಾಡಿನ ಪಕ್ಕದ ಊರು ಓರಿಕ್‌ವರೆಗೆ ಸುಮಾರು 500 ಕಿ.ಮೀ., ತಿರುವುಗಳೂ ಇವೆ. ಹೋಗಿ ಬರೋದಕ್ಕೇ ಎರಡು ದಿನ. ಐದು ದಿನ ಇಟ್ಟುಕೊಳ್ಳಿ. ದಾರಿಯಲ್ಲೇ 'ಅವೆನ್ಯೂ ಆಫ್ ದಿ ಜೈಂಟ್ಸ್' ಸಿಗುತ್ತೆ, 50 ಕಿ.ಮೀ. ಮರಗಳ ನಡುವೆಯೇ ರಸ್ತೆ. ಅಪ್ಪಾಜಿ ಕಾರಲ್ಲೇ ಕೂತು ನೋಡಬಹುದು. ನಡೆಯೋದಾದರೆ ಲೇಡಿ ಬರ್ಡ್ ಜಾನ್ಸನ್ ಗ್ರೋವ್: 2.4 ಕಿ.ಮೀ. ಸುತ್ತು, ಹೆಚ್ಚುಕಡಿಮೆ ಸಮತಟ್ಟು. ತೊಗಟೆ ಹತ್ತಿರದಿಂದ ನೋಡಿ, ತೆಂಗಿನ ನಾರಿನ ಹಾಗೆ ಎಳೆಎಳೆ.

ಉತ್ತರ (ಸರಸ್ವತಿಪುರಂ):
ಅಲ್ಲೇ ಇರೋ ಫರ್ನ್ ಕ್ಯಾನ್ಯನ್ ಅನ್ನೋ ಕಮರಿಗೆ ಬೇಸಿಗೆಯಲ್ಲಿ ಮೊದಲೇ ಆನ್‌ಲೈನ್ ಪರ್ಮಿಟ್ ಮಾಡಿಸಬೇಕು. ಅಲ್ಲಿ ತೊರೆಯಲ್ಲೇ ನಡಿಗೆ, ಮಂಡಿನೋವಿದ್ದರೆ ಬೇಡವೇ ಬೇಡ. ಜೂನ್ ಅಂತ ಬರೀ ಕಾಟನ್ ಬಟ್ಟೆ ಒಯ್ಯಬೇಡಿ. ಕಡಲ ಮಂಜಿಗೆ ಬೆಳಗ್ಗೆ 10 ಡಿಗ್ರಿ ಆಸುಪಾಸು. ಸ್ವೆಟರ್, ಜರ್ಕಿನ್ ಎರಡೂ ಇರಲಿ. ಮಗು ಅಲೆಗೆ ಬೆನ್ನು ಹಾಕಿ ಆಡದಂತೆ ನೋಡಿಕೊಳ್ಳಿ, ಇದ್ದಕ್ಕಿದ್ದಂತೆ ದೊಡ್ಡ ಅಲೆ ಬಂದು ಎಳೆದೊಯ್ಯುತ್ತೆ. ಕಾಡಲ್ಲಿ ನೆಟ್‌ವರ್ಕ್ ಸಿಗಲ್ಲ. ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಉತ್ತರ (ಮಂಡ್ಯ):
ಇನ್ನೊಂದು. ಜಗತ್ತಿನಲ್ಲೇ ಅತಿ ಎತ್ತರದ, 115 ಮೀಟರ್ ಮೀರಿದ ಹೈಪೀರಿಯನ್ ಅನ್ನೋ ರೆಡ್‌ವುಡ್ ಮರ ಹುಡುಕಿಕೊಂಡು ಹೋಗಬೇಡಿ. ಜನ ತುಳಿದೂ ತುಳಿದೂ ಬುಡ ಹಾಳಾಗಿ 2022ರಿಂದ ಆ ಜಾಗ ಮುಚ್ಚಿದ್ದಾರೆ. ದಂಡ 5000 ಡಾಲರ್‌ವರೆಗೂ ಇದೆ.