ಅಪ್‌ಡೇಟ್: ಅಪ್ಪನ ಕ್ರಿಯಾಟಿನಿನ್ 2.4 ಇದ್ದದ್ದು ಈಗ 1.4

ಹೋದ ತಿಂಗಳು ಕೇಳಿದ್ದೆ: ಅಪ್ಪನಿಗೆ 62 ವರ್ಷ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಜಾಸ್ತಿ ಇದ್ದರೆ ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ) 2.4, ಡಯಾಲಿಸಿಸ್ ಬೇಕಾಗುತ್ತಾ ಅಂತ. ಬೇಕಾಗಲಿಲ್ಲ.

"ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ" ಅಂದವರಿಗೆ ದೊಡ್ಡ ನಮಸ್ಕಾರ. ಚೀಲದಲ್ಲಿ ಡೈಕ್ಲೋಫೆನಾಕ್ ಸಿಕ್ಕಿತು! ಮಂಡಿನೋವಿಗೆ ಅಂತ ಎರಡು ತಿಂಗಳಿಂದ ದಿನಕ್ಕೆರಡು ನುಂಗುತ್ತಿದ್ದರಂತೆ, ನಮಗೆ ಹೇಳಿರಲಿಲ್ಲ. ಇಂಥ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದಂತೆ. ಜೊತೆಗೆ ಕೋಲಾರದ ಬಿಸಿಲು, ದಿನವಿಡೀ ಟೊಮೆಟೊ ತೋಟ, ನೀರು ಕುಡಿಯೋದು ಕಮ್ಮಿ. ಮಾತ್ರೆ ನಿಲ್ಲಿಸಿ ಮೂರು ವಾರಕ್ಕೆ 1.4ಕ್ಕೆ ಇಳಿಯಿತು. ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತೆ ಅನ್ನೋ ಅಂದಾಜು, ಕಮ್ಮಿಯಾದಷ್ಟೂ ಕೆಟ್ಟದ್ದು) 30ರ ಹತ್ತಿರ ಇದ್ದದ್ದು ಈಗ 57.

ಬಾರ್ಲಿ ನೀರು ಕುಡಿಸಿದೆವು, ಅದರಿಂದ ಏನೂ ಆದಂತಿಲ್ಲ. ಬೇರಿನ ಕಷಾಯ ಬೇಡವೇ ಬೇಡ ಅಂದರು ಡಾಕ್ಟರು. ಇದಕ್ಕೆಲ್ಲ ಬೋರ್‌ವೆಲ್ ನೀರೇ ಕಾರಣ ಅಂತ ಸುಮ್ನೆ ಬೈದಿದ್ದೆ ನಾನು.

ನನಗೆ ಗೊತ್ತಿಲ್ಲದಿದ್ದ ಒಂದು ವಿಷಯ: ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವ ತನಕವೂ ಕ್ರಿಯಾಟಿನಿನ್ ನಾರ್ಮಲ್ ಅಂತಲೇ ತೋರಿಸಬಹುದಂತೆ. ಅದಕ್ಕೇ ಮೂತ್ರದ ಅಲ್ಬುಮಿನ್ (ಕಿಡ್ನಿ ಕೆಟ್ಟರೆ ಮೂತ್ರಕ್ಕೆ ಸೋರುವ ಪ್ರೋಟೀನ್) ಕೂಡ ನೋಡಬೇಕು. ಅಪ್ಪನಿಗೆ ಬಿಪಿ ಬೇರೆ ಇದೆ ಅಲ್ವಾ, ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಇದೆ. ಮಂಡಿಗೆ ಸದ್ಯಕ್ಕೆ ಬಿಸಿನೀರಿನ ಶಾಖ, ಜೊತೆಗೆ ಒಂದಿಷ್ಟು ಗೊಣಗಾಟ.